‘ಪೂರ್ತಿ ಊಟ ಮಾಡಿದ’ ಎಂದು ಬರೆದ ದಿನಗಳು

ಶಿವಮೊಗ್ಗದ ವಿನೋಬನಗರದ ಆ ಮನೆಯಲ್ಲಿ ಕೆಲಸಕ್ಕೆ ಸೇರಿದ ದಿನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಎರಡು ಹಾಳೆಗಳನ್ನು ಮೊದಲು ಓದಿಸಿದರು, ಮಗುವನ್ನು ಆಮೇಲೆ ತೋರಿಸಿದರು. ಹುಡುಗನಿಗೆ ಆಗ ಒಂದು ವರ್ಷ ಏಳು ತಿಂಗಳು. ಹಾಳೆಯಲ್ಲಿ 23 ನಿಯಮಗಳಿದ್ದವು. ಟಿವಿ, ಮೊಬೈಲು ತೋರಿಸಬಾರದು. ಸಕ್ಕರೆ, ಬೆಲ್ಲ ಕೊಡಬಾರದು. ಊಟ ಎತ್ತರದ ಕುರ್ಚಿಯಲ್ಲೇ ಆಗಬೇಕು, ಎತ್ತಿಕೊಂಡು ತಿರುಗುತ್ತ ತಿನ್ನಿಸಕೂಡದು, 25 ನಿಮಿಷದೊಳಗೆ ತಿನ್ನದಿದ್ದರೆ ಬಟ್ಟಲು ತೆಗೆದುಬಿಡಬೇಕು. ಮಧ್ಯಾಹ್ನ ಒಂದರಿಂದ ಮೂರರವರೆಗೆ ನಿದ್ದೆ. ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಹಾಕಬಾರದು. ನನ್ನ ಮೊಬೈಲು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ ಬೀರುವಿನಲ್ಲಿರಬೇಕು. ಹಜಾರದಲ್ಲೊಂದು, ಮಗುವಿನ ಕೋಣೆಯಲ್ಲೊಂದು ಕ್ಯಾಮೆರಾ ಇತ್ತು. ಊಟ, ನಿದ್ದೆ, ಕಕ್ಕಸು ಎಲ್ಲವನ್ನೂ ದಿನವೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕಾಗಿತ್ತು.

ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಅಕ್ಕನ ಮೂರು ಮಕ್ಕಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದ ನನಗೆ ಇದನ್ನು ಓದಿ ನಗು ಬಂತು, ಒಳಗೊಳಗೆ ಅವಮಾನವೂ ಆಯಿತು. ಆದರೆ ಒಂದೊಂದನ್ನೇ ಕೇಳುತ್ತ ಹೋದಂತೆ ಹೆಚ್ಚಿನವಕ್ಕೆ ಗಟ್ಟಿಯಾದ ಕಾರಣವಿರುವುದು ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಒಂದು ವರ್ಷದ ಮಗುವಿಗೆ ಪರದೆಯೇ ಬೇಡ, ಎರಡು ತುಂಬಿದ ಮೇಲೂ ದಿನಕ್ಕೆ 1 ಗಂಟೆ ಮೀರಬಾರದು; ಈ ವಯಸ್ಸಿನ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ 11ರಿಂದ 14 ಗಂಟೆಗಳ ನಿದ್ದೆ ಬೇಕು. ಸಾಂಬ್ರಾಣಿಯ ವಿಷಯದಲ್ಲಿ ನಾನು ಬಹಳ ದಿನ ಮುನಿಸಿಕೊಂಡಿದ್ದೆ. ನಮ್ಮೂರಿನಲ್ಲಿ ಮಳೆಗಾಲವೆಂದರೆ ಕೆಂಡದ ಮೇಲೆ ಬುಟ್ಟಿ ಕವುಚಿ ಮಗುವಿನ ಬಟ್ಟೆ ಒಣಗಿಸಿ, ಅದೇ ಬಿಸಿಯಲ್ಲಿ ತಲೆಗೂದಲಿಗೆ ಹೊಗೆ ಕೊಡುವುದು. ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಆ ಹೊಗೆ ಹೋಗುವುದು ಮಗುವಿನ ಎದೆಗೇ ಎಂಬುದನ್ನು ಒಪ್ಪದಿರಲು ನನ್ನಲ್ಲಿ ವಾದವಿರಲಿಲ್ಲ.

ನಾನು ಸೋತದ್ದು ಕುರ್ಚಿಯ ನಿಯಮದಲ್ಲಿ. ಕುರ್ಚಿಗೆ ಕೂರಿಸಿದೊಡನೆ ಹುಡುಗ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಚೀರುತ್ತಿದ್ದ, ಮೊದಲ ತುತ್ತನ್ನು ಉಗಿಯುತ್ತಿದ್ದ, ಮೂರನೆಯದಕ್ಕೆ ಬಟ್ಟಲನ್ನೇ ಕೆಳಗೆ ಬಡಿಯುತ್ತಿದ್ದ. 25 ನಿಮಿಷ ಮುಗಿದರೆ ನಿಯಮದಂತೆ ಬಟ್ಟಲು ಎತ್ತಬೇಕು. ಹಸಿದ ಮಗುವನ್ನು ಮಲಗಿಸುವುದು ನನ್ನ ಕೈಯಲ್ಲಾಗುತ್ತಿರಲಿಲ್ಲ. ಅಡುಗೆಮನೆಯ ಹಿಂದಿನ ಕಿಟಕಿಗೆ ಕ್ಯಾಮೆರಾದ ಕಣ್ಣು ತಲುಪುತ್ತಿರಲಿಲ್ಲ. ಅಲ್ಲಿ ಅವನನ್ನು ಸೊಂಟಕ್ಕೇರಿಸಿಕೊಂಡು ನಿಂತರೆ ಎದುರಿಗೆ ಪಕ್ಕದ ಮನೆಯ ನುಗ್ಗೆಮರ, ಮರದಲ್ಲಿ ಕಾಗೆ, ತಗಡಿನ ಮಾಡಿನಿಂದ ದಾರದಂತೆ ಇಳಿಯುವ ಮಳೆನೀರು. ‘ಕಾಗೆಗೊಂದು, ನಿಂಗೊಂದು’ ಎನ್ನುತ್ತ ಮೆತ್ತಗಿನ ಅನ್ನ, ತೊವ್ವೆ, ತುಪ್ಪ ಕಲಸಿದ ಬಟ್ಟಲು ಹತ್ತು ನಿಮಿಷದಲ್ಲಿ ಖಾಲಿಯಾಗುತ್ತಿತ್ತು. ನೋಟ್‌ಬುಕ್ಕಿನಲ್ಲಿ ನಾನು ಬರೆಯುತ್ತಿದ್ದುದು ಮಾತ್ರ ಹೀಗೆ: ‘ಕುರ್ಚಿಯಲ್ಲಿ ಕುಳಿತು ಪೂರ್ತಿ ಊಟ ಮಾಡಿದ.’ ಆರು ವಾರ ಹಾಗೆಯೇ ಬರೆದೆ. ಮಗುವಿನ ಹೊಟ್ಟೆ ತುಂಬಿದ ಮೇಲೆ ಎಲ್ಲಿ ತುಂಬಿತೆಂಬುದರಿಂದ ಯಾರಿಗೇನು ನಷ್ಟವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ನಷ್ಟ ಏನೆಂಬುದು ಒಂದು ಸೋಮವಾರ ಬೆಳಿಗ್ಗೆ ಕಾಣಿಸಿತು. ಹುಡುಗ ಬಾಗಿಲಿಗೇ ಓಡಿಬಂದು ಎಡ ಮೊಣಕೈ ತಿರುಗಿಸಿ, ಹತ್ತಿಯ ಮೇಲೆ ಅಂಟಿಸಿದ್ದ ಪ್ಲಾಸ್ಟರನ್ನು ತೋರಿಸಿ ‘ಅಬ್ಬು’ ಎಂದ. ರಾತ್ರಿಯೂ ಶನಿವಾರ, ಭಾನುವಾರವೂ ತಂದೆತಾಯಿ ಕುರ್ಚಿಯಲ್ಲಿ ಕೂರಿಸಿದರೆ ಅವನು ಬಾಯಿಯನ್ನೇ ತೆರೆಯುತ್ತಿರಲಿಲ್ಲವಂತೆ. ಹಗಲು ಅದೇ ಕುರ್ಚಿಯಲ್ಲಿ ಬಟ್ಟಲು ಖಾಲಿ ಮಾಡುವ ಮಗು ತಮ್ಮ ಕೈಯಲ್ಲಿ ತಿನ್ನದಿದ್ದರೆ ಏನೋ ಕಾಯಿಲೆಯಿರಬೇಕೆಂದು ಹೆದರಿ, ನನ್ನ ನೋಟ್‌ಬುಕ್ಕಿನ ಸಮೇತ ಮಕ್ಕಳ ವೈದ್ಯರಲ್ಲಿಗೆ ಹೋಗಿದ್ದಾರೆ. ರಕ್ತಹೀನತೆ ಇದ್ದರೂ ಹಸಿವು ಮಂದವಾಗುವುದರಿಂದ ಅವರು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದ್ದಾರೆ. ಫಲಿತಾಂಶ ಸರಿಯಾಗಿಯೇ ಬಂದಿತ್ತು, ತೂಕವೂ ಸರಿಯಾಗಿತ್ತು. ಆ ಸೂಜಿ ಚುಚ್ಚಿದ್ದು ನಾನು ಬರೆದ ಒಂದು ಸಾಲನ್ನು ನಂಬಿ.

ತಕ್ಷಣ ಹೇಳಿಬಿಟ್ಟೆ ಎಂದು ಬರೆದುಕೊಳ್ಳಲು ನನಗೂ ಆಸೆಯಿದೆ. ಆದರೆ ಸಂಜೆಯವರೆಗೆ ಬಾಯಿ ಏಳಲಿಲ್ಲ. ತಾಯಿ ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಕಿಟಕಿಯ ವಿಷಯವನ್ನೆಲ್ಲ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಕಿಟಕಿ ಹತ್ರ ತಿಂತಾನೆ ಅಂತ ಮೊದಲೇ ಹೇಳಿದ್ರೆ ಕುರ್ಚಿನೇ ಕಿಟಕಿ ಹತ್ರ ಇಡ್ತಿದ್ವಲ್ಲ’ ಎಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮರುದಿನ ಕುರ್ಚಿ ಕಿಟಕಿಯ ಬಳಿಗೆ ಬಂತು. ಮೊದಲ ಕೆಲವು ದಿನ ನಾಲ್ಕು ತುತ್ತು ಕುರ್ಚಿಯಲ್ಲಿ, ಉಳಿದದ್ದು ಸೊಂಟದಲ್ಲಿ. ತಿಂಗಳು ಕಳೆಯುವಷ್ಟರಲ್ಲಿ ಅವನು ಕಾಗೆಗೆ ತಾನೇ ತುತ್ತು ಎಸೆಯಲು ಕುರ್ಚಿ ಏರಿಸೆಂದು ಹಟ ಮಾಡುತ್ತಿದ್ದ. ನೋಟ್‌ಬುಕ್ಕಿನಲ್ಲಿ ‘ಎಷ್ಟು’ ಎಂಬುದರ ಪಕ್ಕ ‘ಹೇಗೆ’ ಎಂಬ ಇನ್ನೊಂದು ಕಲಂ ಎಳೆದೆವು. ಅಲ್ಲಿಂದಾಚೆಗೆ ನಾನು ನಿಯಮ ಮುರಿದ ದಿನಗಳು ಇಲ್ಲವೆಂದಲ್ಲ, ಮುರಿದದ್ದು ಅಂದೇ ಸಂಜೆ ಆ ಕಲಮಿನಲ್ಲಿ ಇರುತ್ತಿತ್ತು. ಕ್ಯಾಮೆರಾದ ಮೇಲಿದ್ದ ನನ್ನ ಸಿಟ್ಟು ಇಳಿದದ್ದೂ ಆಗಲೇ, ಏಕೆಂದರೆ ನಾನು ಬರೆಯದಿದ್ದ ಯಾವುದೂ ಅದರಲ್ಲಿ ಕಾಣುವಂತಿರಲಿಲ್ಲ.

ಮೊಬೈಲನ್ನು ಬೀರುವಿನಲ್ಲಿಡುವ ನಿಯಮಕ್ಕೆ ಮಾತ್ರ ನಾನು ಎದುರು ಮಾತಾಡಿದೆ. ಜುಲೈ ತಿಂಗಳ ಗಾಳಿಮಳೆಯಲ್ಲಿ ಕರೆಂಟು ಹೋದರೆ ವೈಫೈ ಹೋಗುತ್ತದೆ, ವೈಫೈ ಹೋದರೆ ಕ್ಯಾಮೆರಾ ಕುರುಡಾಗುತ್ತದೆ, ಮೊಬೈಲು ಬೀರುವಿನೊಳಗೆ ಬಡಿದುಕೊಳ್ಳುತ್ತಿದ್ದರೂ ಮಗು ಮಲಗಿದ ಕೋಣೆಗೆ ಕೇಳಿಸುವುದಿಲ್ಲ. ಒಂದು ಮಧ್ಯಾಹ್ನ ಒಂಬತ್ತು ಸಲ ಕರೆ ಮಾಡಿ ಉತ್ತರ ಸಿಗದೆ ತಾಯಿ ನೆನೆದುಕೊಂಡೇ ಸ್ಕೂಟರಿನಲ್ಲಿ ಬಂದರು. ಮಗು ಬಿದ್ದು ಪೆಟ್ಟಾದರೆ ನಾನು ಬೀರು ತೆಗೆಯಲೇ, ಮಗುವನ್ನು ಹಿಡಿಯಲೇ ಎಂದು ಆ ದಿನ ಕೇಳಿದೆ. ವೀಡಿಯೊ ಇಲ್ಲದ ಒಂದು ಕೀಪ್ಯಾಡ್ ಫೋನು ಮನೆಗೆ ಬಂತು. ಅದು ಸದಾ ನನ್ನ ಸೊಂಟದಲ್ಲಿರುತ್ತಿತ್ತು.

ಅಜ್ಜಿ ಬಂದಾಗ ಬೇರೆಯೇ ಪರೀಕ್ಷೆ. ಹೊಸನಗರದ ಕಡೆಯ ತೋಟದ ಮನೆಯಿಂದ ಬರುವಾಗ ಅವರು ಜೋನಿಬೆಲ್ಲ ತರುತ್ತಿದ್ದರು, ಮೊಮ್ಮಗನ ನಾಲಿಗೆಗೆ ಸವರದೆ ಬಿಡುತ್ತಿರಲಿಲ್ಲ. ಹಿರಿಯರನ್ನು ತಡೆಯಲು ನಾನು ಯಾರು? ಬರೆದರೆ ‘ಚಾಡಿ ಹೇಳ್ತೀಯೇನೇ’ ಎಂಬ ಮಾತು, ಬರೆಯದಿದ್ದರೆ ಮತ್ತೆ ಆರು ವಾರದ ಕಥೆ. ಕೊನೆಗೆ ನೋಟ್‌ಬುಕ್ಕನ್ನೂ ಪೆನ್ನನ್ನೂ ಅವರ ಮುಂದೆಯೇ ಇಟ್ಟೆ. ಅವರು ಕನ್ನಡಕ ಏರಿಸಿ ಮುತ್ತಿನಂಥ ಅಕ್ಷರದಲ್ಲಿ ಬರೆದರು: ‘ಬೆಲ್ಲ, ಬೆರಳ ತುದಿಯಷ್ಟು. ಕೊಟ್ಟವಳು ನಾನೇ.’ ಅದನ್ನು ಓದಿದ ಸೊಸೆ ನಕ್ಕರು. ಬೆಲ್ಲ ನಿಲ್ಲಲಿಲ್ಲ, ಕಡಿಮೆಯಾಯಿತು.

ಅದೇ ಅಜ್ಜಿಯಿಂದಾಗಿ ಹಾಳೆಗೆ ಎರಡು ಸಾಲು ಹೆಚ್ಚಿದವು. ತೋಟದ ಮನೆಗೆ ಮಗುವನ್ನು ಕರೆದೊಯ್ದಾಗ ಕೊಟ್ಟಿಗೆಗೆ ತಂದ ದರಗಿನ, ಅಂದರೆ ಒಣಗಿದ ಎಲೆಗಳ, ರಾಶಿಯಲ್ಲಿ ಆಡಲು ಬಿಡಬಾರದೆಂದು ತಂದೆ ಬರೆದರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣ್ಣೆಹುಳದಿಂದ, ಬೇಸಿಗೆಯ ತಿಂಗಳುಗಳಲ್ಲಿ ಅದು ಒಣ ಎಲೆಗಳಲ್ಲೂ ಇರುತ್ತದೆ ಎಂಬುದನ್ನು ಈ ಸೀಮೆಯವರಿಗೆ ವಿವರಿಸಬೇಕಿಲ್ಲ. ಇನ್ನೊಂದನ್ನು ಬರೆದದ್ದು ನಾನು. ಅಜ್ಜಿಯ ಎಲೆಅಡಿಕೆ ತಟ್ಟೆ ಜಮಖಾನದ ಮೇಲೆಯೇ ಇರುತ್ತಿತ್ತು, ಒಂದು ದಿನ ಹುಡುಗನ ಕೆನ್ನೆ ಉಬ್ಬಿರುವುದನ್ನು ಕಂಡು ಬೆರಳು ಹಾಕಿದರೆ ಅಡಿಕೆಯ ಹೋಳು ಸಿಕ್ಕಿತು. ಅರೆದು ನುಣ್ಣಗೆ ಮಾಡುವ ದವಡೆಹಲ್ಲು ಪೂರ್ತಿ ಬಾರದ ಮಕ್ಕಳಿಗೆ ಅಡಿಕೆ, ಕಡಲೆಬೀಜ, ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತುಗಳು. ಅಷ್ಟೊಂದು ನಿಯಮಗಳಲ್ಲಿ ಇದು ಬಿಟ್ಟುಹೋಗಿತ್ತು. ‘ಅಡಿಕೆ ತಟ್ಟೆ ನೆಲದ ಮೇಲೆ ಇಡಕೂಡದು, ಯಾರೇ ಇರಲಿ’ ಎಂದು ಕೊನೆಯಲ್ಲಿ ಬರೆದು ಅಂಟಿಸಿದೆ. ಅಜ್ಜಿ ಅದನ್ನು ಎರಡು ಸಲ ಓದಿ, ‘ಈಗ ನೀನೂ ಶುರು ಮಾಡಿದ್ಯಾ’ ಎಂದು ಗೊಣಗಿ, ತಟ್ಟೆಯನ್ನು ಫ್ರಿಜ್ಜಿನ ಮೇಲೆ ಇಟ್ಟರು.