ಕರೆಂಟಿಲ್ಲದ ರಾತ್ರಿ, ಲೋಕಲ್ ರೈಲಿನ ನೆನಪು

ಸಂಜೆಯಿಂದ ಜೋರು ಮಳೆ, ಕರೆಂಟಿಲ್ಲ. ದೊಡ್ಡಪ್ಪ ಮೇಣದಬತ್ತಿ ಮುಂದೆ ಕೂತು ಮುಂಬೈ ಲೋಕಲ್ ರೈಲಿನ ಕಥೆ ತೆಗೆದರು. ಅಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ಗೋಣಿಕೊಪ್ಪಕ್ಕೆ ವಾಪಸ್ ಬಂದವರು. ಮೇಲೆ ಹಿಡಿಕೆ ಹಿಡಿದು ನಿಲ್ಲುತ್ತಿದ್ದ ಹಾಗೆ ಕೈ ಎತ್ತಿ ತೋರಿಸಿದರು. ಬೆರಳು ತಾನಾಗೇ ಮಡಚಿಕೊಂಡಿತು!

ನಮ್ಮ ದೇಶದ ಮೊದಲ ವಿದ್ಯುತ್ ರೈಲು ಓಡಿದ್ದು 1925ರ ಫೆಬ್ರುವರಿ 3ರಂದು, ಬೊಂಬಾಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ. ಮೇಲಿನ ತಂತಿಯಲ್ಲಿ 1500 ವೋಲ್ಟ್ ಡಿಸಿ, ಅಂದ್ರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಮದ್ರಾಸಿಗೆ ಅದು ಬಂದಿದ್ದು 1931ರಲ್ಲಿ. ಆದರೆ ಡಿಸಿಗೆ ಹತ್ತಿರ ಹತ್ತಿರ ಸಬ್‌ಸ್ಟೇಷನ್ ಬೇಕು. 25,000 ವೋಲ್ಟ್ ಎಸಿಗೆ, ಅಂದ್ರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟಿಗೆ, ಅಷ್ಟು ಬೇಡ, ಕರೆಂಟ್ ನಷ್ಟವೂ ಕಡಿಮೆ. ಅದಕ್ಕೇ ಲೈನು ನಿಧಾನವಾಗಿ ಬದಲಾಯಿತು. ಮುಂಬೈಯಲ್ಲಿ ಕೊನೆಯ ಡಿಸಿ ಲೋಕಲ್ ಓಡಿದ್ದು 2016ರ ಏಪ್ರಿಲ್‌ನಲ್ಲಿ, ಅದೂ ಮೊದಲ ರೈಲು ಓಡಿದ್ದ ಕುರ್ಲಾ ದಾರಿಯಲ್ಲೇ. ಎಷ್ಟು ಚೆಂದ ಅಲ್ವಾ?

ನಮ್ಮ ಕೊಡಗಿನಲ್ಲಿ ಇವತ್ತಿಗೂ ರೈಲು ಹಳಿ ಇಲ್ಲ. ರೈಲು ಹತ್ತಬೇಕಂದ್ರೆ ಮೈಸೂರಿಗೆ ಹೋಗಬೇಕು. ಆದರೂ ಆ ಹಳೇ ಬೋಗಿಗಳ ಬಗ್ಗೆ ಹೇಳುವಾಗ ದೊಡ್ಡಪ್ಪನ ದನಿ ಮೆತ್ತಗಾಯಿತು. ಸುಮ್ನೆ ಕೇಳುತ್ತಾ ಕೂತೆ. ಮೇಣದಬತ್ತಿ ಅರ್ಧ ಕರಗಿತ್ತು.