ಎಲ್ಡು ದಾರಿ, ಒಂದೇ ಗೇಟು

ಭಾನುವಾರ ಬೆಳಿಗ್ಗೆ 6ರಿಂದ 9. ಸರ್ವರ್ ಪರೀಕ್ಷೆಗೆ ಅಂತ ಒಂದು ಸಂಸ್ಥೆಯವರು ನಮಗೆ ಬಿಟ್ಟುಕೊಟ್ಟಿದ್ದು ಅಷ್ಟೇ ಹೊತ್ತು. ದಾವಣಗೆರೆಯ ಹಳೇ ಕಟ್ಟಡವೊಂದರ ಎರಡನೇ ಮಹಡಿ, ದೇವರ ಮನೆಗಿಂತ ತುಸು ದೊಡ್ಡ ಸರ್ವರ್ ರೂಮು. ಕ್ಲಸ್ಟರ್, ಅಂದರೆ ಒಂದು ಸರ್ವರ್ ಬಿದ್ದರೆ ಇನ್ನೊಂದು ಕೆಲಸ ಎತ್ತಿಕೊಳ್ಳುವ ಜೋಡಿ, ಕಟ್ಟಿ ವರ್ಷವಾಗಿದ್ದರೂ ಒಂದು ಸಲವೂ ಕೇಬಲ್ ಕಿತ್ತು ನೋಡಿರಲಿಲ್ಲ. ಕಟ್ಟಿದವನು ನಾನೇ, ಹಾಗಾಗಿ ಬೈಯಲೂ ಬೇರೆ ಯಾರೂ ಇರಲಿಲ್ಲ.

ಎರಡು ಲಿನಕ್ಸ್ ಸರ್ವರ್, ಒಂದೊಂದರಲ್ಲೂ ಸ್ಟೋರೇಜಿನ ಕೇಬಲ್ ಸಿಕ್ಕಿಸುವ ಎರಡು ಫೈಬರ್ ಚಾನೆಲ್ ಕಾರ್ಡು, ನಡುವೆ ಸರ್ವರಿಗೂ ಸ್ಟೋರೇಜಿಗೂ ಕೊಂಡಿಯಾದ ಎರಡು ಸ್ಯಾನ್ ಸ್ವಿಚ್ಚು, ಆಚೆ ಡಿಸ್ಕುಗಳಿರುವ, ಎರಡು ಕಂಟ್ರೋಲರಿನ ಸ್ಟೋರೇಜು. ಒಂದೇ ಡಿಸ್ಕಿಗಿರುವ ಹಲವು ದಾರಿಗಳನ್ನು ನಿಭಾಯಿಸುವ ಮಲ್ಟಿಪಾತ್ ಕಮಾಂಡ್ ಕೊಟ್ಟರೆ ಡಿಸ್ಕಿಗೆ ನಾಲ್ಕು ದಾರಿ ಕಾಣುತ್ತಿದ್ದವು. ನಾಲ್ಕೂ ‘ಆಕ್ಟಿವ್ ರೆಡಿ’. ನೋಡಲು ಕಣ್ಣಿಗೆ ತಂಪು.

ಸೆಕೆಂಡಿಗೊಂದು ಸಲ ಸಮಯವನ್ನು ಆ ಡಿಸ್ಕಿಗೇ ಬರೆಯುವ ಪುಟ್ಟ ಸ್ಕ್ರಿಪ್ಟ್ ಓಡಿಸಿ, ಮೊದಲ ಕಾರ್ಡಿನ ಕೇಬಲ್ ಕಿತ್ತೆ. 07:12:41ಕ್ಕೆ ಬರೆದ ಸಾಲೇ ಕೊನೆ. ಇನ್ನೊಂದು ದಾರಿ ಇದೆಯಲ್ಲ, ಹೋಗು ಮಾರಾಯ ಅಂತ ಕಾದೆ. ಮುಂದಿನ ಸಾಲು ಬಂದಿದ್ದು 07:13:12ಕ್ಕೆ. ಸದ್ಯ, ಬದುಕಿತು ಅಂದುಕೊಳ್ಳುವಷ್ಟರಲ್ಲಿ ಆ ಸರ್ವರ್ರೇ ದಪ್ ಅಂತ ಆಫ್ ಆಯಿತು.

ಲಾಗ್ ಓದಿದ ಮೇಲೆ ತಿಳಿಯಿತು. ಎಲ್ಲಿಂದಲೋ ಎತ್ತಿ ತಂದು ಹಾಕಿದ್ದ ಮಲ್ಟಿಪಾತ್ ಕಾನ್ಫಿಗ್‌ನಲ್ಲಿ ಕಡಿದ ದಾರಿಯನ್ನು ಬೇಗ ಕೈಬಿಡಿಸುವ ‘ಫಾಸ್ಟ್ ಐಓ ಫೇಲ್’ ಆಫ್ ಇತ್ತು. ಹಾಗಾಗಿ ಡ್ರೈವರು ಕಡಿದ ಲಿಂಕ್ ಮತ್ತೆ ಬಂದೀತು ಅಂತ 30 ಸೆಕೆಂಡ್ ದಾರಿ ಕಾಯಿತು. ಅಷ್ಟೂ ಹೊತ್ತು ಡೇಟಾಬೇಸ್ ಉಸಿರು ಬಿಗಿಹಿಡಿದು ಕೂತಿತ್ತು. ಇತ್ತ ಕ್ಲಸ್ಟರ್ ನೋಡಿಕೊಳ್ಳುವ ಸಾಫ್ಟ್‌ವೇರ್ ಪೇಸ್‌ಮೇಕರಿನ ತಾಳ್ಮೆ ಡೀಫಾಲ್ಟ್ ಆಗಿ 20 ಸೆಕೆಂಡ್. ಉತ್ತರ ಬರಲಿಲ್ಲ, ಡೇಟಾಬೇಸ್ ಸತ್ತಿದೆ ಅಂದುಕೊಂಡಿತು. ನಿಲ್ಲು ಅಂದಿತು. ಅದೂ ಹೊತ್ತಿಗೆ ನಿಲ್ಲಲಿಲ್ಲ. ಆಮೇಲೆ ಇರುವುದು ಸರ್ವರನ್ನೇ ಬಲವಂತವಾಗಿ ಆಫ್ ಮಾಡುವ ಸ್ಟೋನಿತ್ ಒಂದೇ: ‘ಎದುರಿನ ನೋಡ್‌ನ ತಲೆಗೆ ಗುಂಡು ಹೊಡಿ’ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರ ಕೂಡಿಸಿ ಮಾಡಿದ ಹೆಸರು. ಕ್ರೂರ ಅನ್ನಿಸಿದರೂ ಬೇಕೇ ಬೇಕು. ಒಂದೇ ಫೈಲ್‌ಸಿಸ್ಟಮ್ಮನ್ನು ಎರಡು ಸರ್ವರ್ ಒಟ್ಟಿಗೆ ಮೌಂಟ್ ಮಾಡಿ ಬರೆಯತೊಡಗಿದರೆ ಡೇಟಾ ಎಕ್ಕುಟ್ಟಿ ಹೋಗುತ್ತದೆ. ಆದರೆ ಇಲ್ಲಿ ಸತ್ತಿದ್ದು ಹುಷಾರಾಗಿದ್ದ ಸರ್ವರ್. ಕೆಳಗಿನವನು 30 ಎಣಿಸುತ್ತಿದ್ದ, ಮೇಲಿನವನು 20ಕ್ಕೇ ತೀರ್ಪು ಕೊಟ್ಟ. ಇಬ್ಬರಿಗೂ ಮಾತುಕತೆಯೇ ಇಲ್ಲ. ಮಾಡಿಸಬೇಕಿದ್ದವನು ನಾನು.

ಫಾಸ್ಟ್ ಐಓ ಫೇಲ್ 5 ಸೆಕೆಂಡ್‌ಗೆ ಇಳಿಸಿದೆ, ಕ್ಲಸ್ಟರಿನ ಟೈಮ್‌ಔಟ್‌ಗಳನ್ನು 60ಕ್ಕೆ ಏರಿಸಿದೆ. ಮತ್ತೆ ಕಿತ್ತೆ. ಈ ಸಲ ಸಮಯದ ಸಾಲುಗಳ ನಡುವೆ ಆರೇ ಸೆಕೆಂಡಿನ ತೂತು. ಕ್ಲಸ್ಟರ್ ಕಣ್ಣೂ ಮಿಟುಕಿಸಲಿಲ್ಲ.

ಯುಪಿಎಸ್ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್ ಅಣ್ಣ ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ತಂದಿದ್ದ ಒಗ್ಗರಣೆ ಮಂಡಕ್ಕಿ ಪೊಟ್ಟಣ ಕಿಟಕಿ ಮೇಲೆ ಮೆತ್ತಗಾಗುತ್ತಿತ್ತು.

“ಎಲ್ಡು ಸ್ವಿಚ್ ಯಾಕ್ರಿ ಸಾರ್?”

“ಒಂದು ಹೋದ್ರೆ ಇನ್ನೊಂದು ಇರ್ಲಿ ಅಂತ ಅಣ್ಣ.”

ಅವರು ಬಗ್ಗಿ ರ್‍ಯಾಕಿನ ಹಿಂದೆ ಟಾರ್ಚ್ ಬಿಟ್ಟರು. “ಎಲ್ಡುದ್ದೂ ಪ್ಲಗ್ಗು ಒಂದೇ ಬೋರ್ಡಿಗೆ ಐತಲ್ರಿ. ರೋಡು ಎಲ್ಡಿದ್ರೇನು, ಎಲ್ಡಕ್ಕೂ ಅಶೋಕ ಟಾಕೀಸ್ ಗೇಟೇ ದಾಟ್ಬೇಕಲ್ಲ?”

ಆ ರೈಲ್ವೆ ಗೇಟಿನಲ್ಲಿ ಬೈಕ್ ಆಫ್ ಮಾಡಿ ನಿಂತ ಯಾವ ದಾವಣಗೆರೆಯವನಿಗೂ ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ. ಆ ಸ್ವಿಚ್ಚುಗಳಿಗೆ ಒಂದೊಂದೇ ಪವರ್ ಸಪ್ಲೈ. ಆ ಬೋರ್ಡು ಟ್ರಿಪ್ ಆಗಿದ್ದರೆ ನಾಲ್ಕೂ ದಾರಿ ಒಂದೇ ಏಟಿಗೆ ಹೋಗುತ್ತಿದ್ದವು. ನನ್ನ 5, 60 ಯಾವುದೂ ಕೆಲಸಕ್ಕೆ ಬರುತ್ತಿರಲಿಲ್ಲ.

ಒಂದು ಸ್ವಿಚ್ಚನ್ನು ಎರಡನೇ ಯುಪಿಎಸ್ಸಿಗೆ ಹಾಕಿಸಿದೆ. ಗಂಟೆ 8:40. ಲ್ಯಾಪ್‌ಟಾಪ್ ಮಡಚಿ ಮಂಡಕ್ಕಿ ಪೊಟ್ಟಣಕ್ಕೆ ಕೈ ಹಾಕಿದ್ದೆ. ಅಣ್ಣನ ಟಾರ್ಚ್ ಇನ್ನೂ ರ್‍ಯಾಕಿನ ಹಿಂದೆಯೇ ಇತ್ತು.

“ಸಾರ್, ಈ ಕೆಳಗಿನ ದೊಡ್ಡ ಡಬ್ಬಿದು ಎಲ್ಡು ವೈರ್ ಅದಾವಲ್ಲ, ಇವೂ ಇದೇ ಬೋರ್ಡಿಗೇ ಹೋಗ್ಯಾವ್ರಿ.”

ದೊಡ್ಡ ಡಬ್ಬಿ ಅಂದರೆ ಸ್ಟೋರೇಜು.