ಮಳೆಗಾಲದಲ್ಲಿ ಮಲ್ಪೆಯಿಂದ ಉಪ್ಪುಂದಕ್ಕೆ

ಜುಲೈ ತಿಂಗಳಲ್ಲಿ ಮಲ್ಪೆ ಬಂದರಿಗೆ ಹೋದರೆ ನೀರು ಕಾಣುವುದಿಲ್ಲ. ಬೋಟುಗಳೇ ಕಾಣುತ್ತವೆ. ಟ್ರಾಲ್ ಬೋಟು, ಪರ್ಸಿನ್ ಬೋಟು, ಆಳಸಮುದ್ರದ ಬೋಟು ಎಲ್ಲ ಮೈಗೆ ಮೈ ಒತ್ತಿಕೊಂಡು ನಿಂತಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಕಾಲಿಡುತ್ತಾ ಹೋದರೆ ಕಾಲು ಒದ್ದೆಯಾಗದೆ ಆಚೆ ದಕ್ಕೆ ತಲುಪಬಹುದು. ಸೇಂಟ್ ಮೇರಿಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಇಲ್ಲ ಅಂತ ಪ್ರವಾಸಿಗರು ಬೇಜಾರು ಮಾಡಿಕೊಳ್ಳುತ್ತಾರೆ. ನನಗೇನೂ ಬೇಜಾರಾಗಲಿಲ್ಲ. ಆ ಕಲ್ಲಿನ ಕಂಬಗಳಿಗಿಂತ ಈ ಬೋಟುಗಳ ಸಾಲೇ ನನಗೆ ಚೆನ್ನಾಗಿ ಕಂಡಿತು.

ನಾನು ಘಟ್ಟದ ಮೇಲಿನವನು. ಕಡಲಿನ ಸುದ್ದಿ ನನಗೆ ಗೊತ್ತಿದ್ದದ್ದು ಪತ್ರಿಕೆಯಿಂದ. ಒಂದು ವಾರ ‘ಲೈಟ್ ಫಿಶಿಂಗ್ ನಿಲ್ಲಿಸಿ’ ಅಂತ, ಅಂದರೆ ರಾತ್ರಿ ದೀಪ ಹಾಕಿ ಮೀನು ಹಿಡಿಯುವುದು ಬೇಡ ಅಂತ, ಹೆದ್ದಾರಿ ತಡೆ. ಸ್ವಲ್ಪ ದಿನ ಬಿಟ್ಟು ‘ಲೈಟ್ ಫಿಶಿಂಗ್‌ಗೆ ಅವಕಾಶ ಕೊಡಿ’ ಅಂತ ಇನ್ನೊಂದು ಮೆರವಣಿಗೆ. ಎರಡರಲ್ಲೂ ಮೀನುಗಾರರೇ. ದೊಡ್ಡವರು ಸಣ್ಣವರನ್ನು ತುಳಿಯುತ್ತಿದ್ದಾರೆ, ಅಷ್ಟೇ ಕಥೆ ಅಂದುಕೊಂಡಿದ್ದೆ. ಜೊತೆಯಲ್ಲಿ ಕೆಲಸ ಮಾಡುವ ಗೆಳೆಯನ ಊರು ಉಪ್ಪುಂದ. ‘ರಜೆ ಹಾಕು, ನಮ್ಮ ದೊಡ್ಡಪ್ಪನ ಜೊತೆ ಕೂತು ಮಾತಾಡು, ಆಮೇಲೆ ಹೇಳು’ ಅಂದ.

ಮಲ್ಪೆಯ ಬೋಟುಗಳು ಸುಮ್ಮನೆ ನಿಂತಿರುವುದಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅಂತ ಕಾರಣ. ನಾಡದೋಣಿಗೆ ಮಾತ್ರ ಈ ನಿಷೇಧ ಇಲ್ಲ. 10 ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿಕೊಂಡು ಹೋಗಬಹುದು. ಹಾಗಾಗಿ ಈ ಎರಡು ತಿಂಗಳು ಕಡಲು ಪೂರ್ತಿ ಸಣ್ಣವರದು. ಕಾಗದದ ಮೇಲೆ ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ! ಆದರೆ ಮಳೆಗಾಲದ ಕಡಲಿಗೆ ಎಷ್ಟು ದಿನ ದೋಣಿ ಇಳಿಸಲು ಆಗುತ್ತದೆ ಅನ್ನುವುದು ಉಪ್ಪುಂದದ ದಡದಲ್ಲಿ ನಿಂತ ಮೇಲೆ ತಿಳಿಯಿತು.

ಉಡುಪಿಯಿಂದ ಕುಂದಾಪುರದವರೆಗಿನ ದಾರಿ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಬಸ್ಸಿನ ಕಿಟಕಿ ಸೋರುತ್ತಿತ್ತು.

ಕುಂದಾಪುರದಲ್ಲಿ ಒಂದು ಎಡವಟ್ಟಾಯಿತು. ಅದನ್ನು ಹೇಳಲೇಬೇಕು. ಗಂಗೊಳ್ಳಿ ಬಂದರು ನೋಡುವ ಆಸೆ ಇತ್ತು. ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿ ಎದುರಿಗೇ ಕಾಣುತ್ತದೆ. ನಡುವೆ ಪಂಚಗಂಗಾವಳಿ ಅಷ್ಟೇ. ‘ಬೆಳಿಗ್ಗೆ ದೋಣಿ ಸಿಗ್ತದೆ, ಹತ್ತು ನಿಮಿಷದ ದಾರಿ’ ಅಂತ ಲಾಡ್ಜಿನವನು ಬಹಳ ಭರವಸೆಯಿಂದ ಹೇಳಿದ. ಹೋದರೆ ದೋಣಿ ಇಲ್ಲ, ದೋಣಿಯವನೂ ಇಲ್ಲ. ಹೊಳೆ ಕೆಂಪಗೆ ಉಕ್ಕಿ ಹರಿಯುತ್ತಿತ್ತು. ಕೊನೆಗೆ ಆಟೋ ಹಿಡಿದು ಹೆಮ್ಮಾಡಿ ಮೇಲೆ ತ್ರಾಸಿಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಗಂಗೊಳ್ಳಿಗೆ ಬಂದೆ. ಆಟೋದವನು ಕೇಳಿದ ಬಾಡಿಗೆ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮಳೆಗಾಲದಲ್ಲಿ ಹೋಗುವವರು ಹೊಳೆ ದಾಟುವ ಆಸೆ ಬಿಡಿ. ತ್ರಾಸಿ ಮೇಲೆ ಹೋಗುವ ಬಸ್ಸನ್ನೇ ಹಿಡಿಯಿರಿ. ಇನ್ನೊಂದು, ಬಂದರಿಗೆ ಒಳ್ಳೆಯ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಕೇಳದೆ ಬೋಟಿನ ಫೋಟೋ ತೆಗೆಯಬೇಡಿ. ಯಾರದ್ದೋ ಕೇಸಿಗೆ ಸಾಕ್ಷಿ ಹುಡುಕಲು ಬಂದವರು ಅಂದುಕೊಳ್ಳುತ್ತಾರೆ.

ಮರವಂತೆಯಲ್ಲಿ ಎಲ್ಲರೂ ಇಳಿಯುತ್ತಾರೆ. ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು, ನಡುವೆ ಹೆದ್ದಾರಿ. ಸೆಲ್ಫಿಗೆ ಹೇಳಿ ಮಾಡಿಸಿದ ಜಾಗ. ಅದೇ ಊರಿನ ಹೊರಬಂದರಿನ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿ ನಾಡದೋಣಿಯವರು ಕೂತು ಕಡಲನ್ನೇ ನೋಡುತ್ತಿದ್ದರು. ತೂಫಾನ್ ಕಾಯುತ್ತಿದ್ದಾರೆ ಅಂತ ಗೆಳೆಯ ಹೇಳಿದ. ಕಡಲು ಒಮ್ಮೆ ಚೆನ್ನಾಗಿ ಕಲಕಿ, ಆಮೇಲೆ ತಣ್ಣಗಾದರೆ ಚಟ್ಲಿ, ಅಂದರೆ ಸಿಗಡಿ, ದಡದ ಹತ್ತಿರ ಬರುತ್ತದೆ ಅನ್ನುವುದು ಅವರ ಲೆಕ್ಕ. ತೂಫಾನ್ ಆಗದಿದ್ದರೆ ಮೀನಿಲ್ಲ. ತೂಫಾನ್ ಆಗುತ್ತಾ ಇರುವಾಗ ದೋಣಿ ಇಳಿಸಲು ಆಗುವುದಿಲ್ಲ. ಕಾನೂನು ಕೊಟ್ಟ 61 ದಿನದಲ್ಲಿ ನಿಜಕ್ಕೂ ಕೈಗೆ ಸಿಗುವುದು ಬೆರಳೆಣಿಕೆಯ ದಿನಗಳು.

ದೊಡ್ಡಪ್ಪನ ಮನೆ ಕಡಲಿಗೆ ಹತ್ತಿರ. ಜಗಲಿಯಲ್ಲಿ ಬಲೆ ಹರಡಿಕೊಂಡು ಹರಿದ ಕಡೆ ಹೆಣೆಯುತ್ತಿದ್ದರು. ವಯಸ್ಸು ಎಪ್ಪತ್ತರ ಮೇಲೆ.

‘ಹ್ವಾಯ್, ಈ ಮಳೆಯಗೆ ಎಂತ ಕಾಂಬುಕೆ ಬಂದದ್ದ್ ನೀವ್?’

ಅವರ ಕುಂದಾಪ್ರ ಕನ್ನಡ ನನಗೆ ಅರ್ಧ ಹಿಡಿಯುತ್ತದೆ, ಅರ್ಧ ಜಾರುತ್ತದೆ. ಹಾಗಾಗಿ ಉಳಿದದ್ದನ್ನು ನನಗೆ ಬರುವ ಕನ್ನಡದಲ್ಲೇ ಬರೆಯುತ್ತೇನೆ.

ಅವರು ಶುರು ಮಾಡಿದ್ದು ರಂಪಣಿಯಿಂದ. ಹುಡುಗನಾಗಿದ್ದಾಗ ರಂಪಣಿಯ ಹಗ್ಗ ಎಳೆದವರು. ದೋಣಿಯಲ್ಲಿ ಬಲೆ ಕೊಂಡೊಯ್ದು ಕಡಲಲ್ಲಿ ದೊಡ್ಡ ಅರ್ಧ ವೃತ್ತ ಹಾಕಿ, ಎರಡೂ ತುದಿಯ ಹಗ್ಗವನ್ನು ದಡದಿಂದ ಎಳೆಯುವುದು. ಹತ್ತಾರು ಜನ ಬೇಕು. ಊರಿಗೆ ಊರೇ ಬರುತ್ತಿತ್ತು. ಬಂಗುಡೆ, ಬೂತಾಯಿ ರಾಶಿ ಬಿದ್ದರೆ ಹಗ್ಗ ಮುಟ್ಟಿದವರಿಗೆಲ್ಲ ಏನಾದರೊಂದು ಪಾಲು. ರಂಪಣಿಗೆ ಇರುವ ತೊಂದರೆ ಒಂದೇ. ಮೀನು ದಡದ ಹತ್ತಿರ ಬರುವವರೆಗೆ ಕಾಯಬೇಕು.

1970ರ ದಶಕದ ನಡುವೆ ಪರ್ಸಿನ್ ಬಂತು. ಅದು ಮೀನು ಬರಲಿ ಅಂತ ಕಾಯುವುದಿಲ್ಲ. ಹಿಂಡು ಇರುವ ಕಡೆಗೇ ಹೋಗಿ ಸುತ್ತು ಹಾಕಿ, ಅಡಿಯ ಹಗ್ಗ ಎಳೆದು ಚೀಲದ ಬಾಯಿ ಕಟ್ಟುತ್ತದೆ. ದಡದಲ್ಲಿ ಹಗ್ಗ ಹಿಡಿದು ನಿಂತವರಿಗೆ ಮೀನು ಬರಲೇ ಇಲ್ಲ. ಗಲಾಟೆ ಆಯಿತು.

‘ಯಾರು ತಂದರು ಪರ್ಸಿನ್?’ ಅಂತ ಕೇಳಿದೆ. ಹೊರಗಿನ ಸಾಹುಕಾರರು ಅನ್ನುತ್ತಾರೆ ಅಂದುಕೊಂಡಿದ್ದೆ.

‘ನಮ್ಮೋರೇ ಮಾರಾಯ್ರೆ! ರಂಪಣಿ ಇದ್ದವರೇ ಸೇರಿ ಸಾಲ ಮಾಡಿ ತಂದದ್ದು. ಇನ್ಯಾರ ಹತ್ತಿರ ದುಡ್ಡಿತ್ತು?’

ಈ ಮಾತಿಗೆ ನಾನು ಸಿದ್ಧನಿರಲಿಲ್ಲ. ಅಷ್ಟರಲ್ಲಿ ಅವರ ಇಬ್ಬರು ಮಕ್ಕಳೂ ಬಂದರು, ಮಳೆಯಲ್ಲಿ ನೆಂದು. ದೊಡ್ಡವನು ನಾಡದೋಣಿಯವನು, ಮೀನಿನ ಹಿಂಡನ್ನು ಸುತ್ತುವ ಮಾಟುಬಲೆಯ ತಂಡದಲ್ಲಿ ಒಬ್ಬ. ಸಣ್ಣವನು ಮಲ್ಪೆಯ ಒಂದು ಬೋಟಿನಲ್ಲಿ ಕೆಲಸಕ್ಕಿದ್ದಾನೆ. ಈಗ ರಜೆ ಅಲ್ವಾ, ಅಣ್ಣನ ದೋಣಿಗೇ ಹೋಗುತ್ತಿದ್ದಾನೆ. ಆಗಸ್ಟಿನಲ್ಲಿ ಮತ್ತೆ ಮಲ್ಪೆ.

‘ಇವನು ಲೈಟ್ ಹಾಕ್ತಾನೆ’ ಅಂದರು ದೊಡ್ಡಪ್ಪ, ಸಣ್ಣವನ ಕಡೆ ಗದ್ದ ತೋರಿಸಿ. ‘ಇವನ ಅಣ್ಣ ಲೈಟ್ ನಿಲ್ಲಿಸಿ ಅಂತ ಹೈವೇಯಲ್ಲಿ ಕೂರ್ತಾನೆ. ಊಟಕ್ಕೆ ಇಬ್ಬರೂ ಇಲ್ಲಿಗೇ ಬರ್ತಾರೆ.’

ಮೂವರೂ ನಕ್ಕರು. ನನಗೆ ನಗು ಬರಲಿಲ್ಲ. ಪತ್ರಿಕೆಯಲ್ಲಿ ಓದಿದ ಎರಡು ಮೆರವಣಿಗೆಗಳೂ ಒಂದೇ ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದವು.

ಲೈಟ್ ಫಿಶಿಂಗ್ ಅಂದರೆ ರಾತ್ರಿ ಜನರೇಟರ್ ಹಚ್ಚಿ, ಬಲವಾದ ಎಲ್‌ಇಡಿ ದೀಪಗಳನ್ನು ನೀರಿಗೆ ಬಿಡುವುದು. ಬೆಳಕಿಗೆ ಸಣ್ಣ ಮೀನು ಕೂಡುತ್ತದೆ, ಅದನ್ನು ತಿನ್ನಲು ದೊಡ್ಡದು ಬರುತ್ತದೆ. ಬೊಂಡಾಸ್ (ಸ್ಕ್ವಿಡ್) ಅಂತೂ ತಾನಾಗಿಯೇ ಬರುತ್ತದೆ. ಎಲ್ಲ ಸೇರಿದ ಮೇಲೆ ಬಲೆ ಸುತ್ತುವುದು. 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಇದನ್ನು ನಿಷೇಧಿಸಿತು. ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಗೂ ನಿಷೇಧ. ದಡದಿಂದ 12 ನಾಟಿಕಲ್ ಮೈಲಿನವರೆಗೆ ರಾಜ್ಯದ ಅಧಿಕಾರ, ಅದಕ್ಕೆ 1986ರ ಕಾಯ್ದೆ ಇದೆ. ಅದರಾಚೆ 200 ನಾಟಿಕಲ್ ಮೈಲಿನವರೆಗೆ ಕೇಂದ್ರದ್ದು. ದಡದ ಹತ್ತಿರದ ಮೊದಲ 6 ಕಿಲೋಮೀಟರ್ ಸಾಂಪ್ರದಾಯಿಕ ದೋಣಿಗಳಿಗೆ ಮೀಸಲು. ನಿಯಮಕ್ಕೇನೂ ಕೊರತೆ ಇಲ್ಲ. ರಾತ್ರಿ ಎರಡು ಗಂಟೆಗೆ, ಕತ್ತಲಲ್ಲಿ ಯಾವ ಬೋಟು ಯಾವ ಗೆರೆಯೊಳಗಿದೆ ಅಂತ ನೋಡುವವರು ಯಾರು?

‘ನಮಗೆ ಕಾಣ್ತದೆ’ ಅಂದ ದೊಡ್ಡವನು. ‘ದಡದಲ್ಲಿ ನಿಂತ್ರೆ ಕಡಲಲ್ಲಿ ಪೇಟೆ ಇದ್ದ ಹಾಗೆ ಲೈಟ್ ಕಾಣ್ತದೆ. ಹೇಳಿದ್ರೆ ಫೋಟೋ ಕೊಡಿ, ನಂಬರ್ ಕೊಡಿ ಅಂತಾರೆ. ರಾತ್ರಿ ನಂಬರ್ ಎಲ್ಲಿಂದ ಓದೋದು?’

ಸಣ್ಣವನು ತಲೆ ತಗ್ಗಿಸಲಿಲ್ಲ. ಅವನ ಲೆಕ್ಕವೇ ಬೇರೆ. ಬೋಟಿಗೆ ಸಾಲ ಇದೆ, ಡೀಸೆಲ್ ಖರ್ಚಿದೆ. ದಿನಗಟ್ಟಲೆ ಕಡಲಲ್ಲಿದ್ದು ಖಾಲಿ ಬಂದರೆ ಓನರಿಗೆ ನಷ್ಟ. ಕೆಲಸದವರಿಗೂ ನಷ್ಟ, ಯಾಕಂದರೆ ಇವರಿಗೆ ಸಿಗುವುದು ಸಂಬಳ ಅಲ್ಲ, ಪಾಲು. ‘ನಾವು ಹಾಕದಿದ್ರೆ ಹೊರರಾಜ್ಯದವರು ಬಂದು ಹಾಕ್ತಾರೆ. ಮೀನು ನಮಗೂ ಇಲ್ಲ, ಅಣ್ಣನಿಗೂ ಇಲ್ಲ’ ಅಂದ.

ಇದು ಎಲ್ಲರೂ ಹೇಳುವ ನೆಪ ಅಂತ ನನಗೂ ಅನಿಸಿತು. ಆದರೆ ಪೂರ್ತಿ ಸುಳ್ಳೂ ಅಲ್ಲ. ಟ್ರಾಲಿಂಗ್ ನಿಷೇಧ ಕೇರಳದಲ್ಲಿ 52 ದಿನ, ನಮ್ಮಲ್ಲಿ 61. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಸಣ್ಣ ಬೂತಾಯಿ, 14ಕ್ಕಿಂತ ಸಣ್ಣ ಬಂಗುಡೆ ಹಿಡಿಯುವಂತಿಲ್ಲ ಅಂತ 2015ರಲ್ಲೇ ನಿಯಮ ಬಂತು. ಹಾಗಂತ ಅಲ್ಲಿ ಬೂತಾಯಿ ಉಳಿಯಿತಾ? 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಆ ರಾಜ್ಯದಲ್ಲಿ 2021ರಲ್ಲಿ ಸಿಕ್ಕಿದ್ದು 3,500 ಟನ್ನಿಗಿಂತ ಕಡಿಮೆ. ಸಮುದ್ರದ ಬಿಸಿ, ಮಳೆಯ ಏರುಪೇರು, ಜಾಸ್ತಿ ಹಿಡಿದದ್ದು, ಎಲ್ಲವೂ ಕಾರಣಗಳ ಪಟ್ಟಿಯಲ್ಲಿವೆ. ಕಡಿಮೆಯಾದ ಮೀನಿನ ಮುಂದೆ ಜಗಳ ಜಾಸ್ತಿಯಾಗುವುದು ಸಹಜ.

ನಾನು ದೊಡ್ಡವನನ್ನೂ ಬಿಡಲಿಲ್ಲ. ‘ನಿಮ್ಮ ಮಾಟುಬಲೆಯ ಕಣ್ಣು ಎಷ್ಟು ದೊಡ್ಡದು?’ ಅಂತ ಕೇಳಿದೆ. ಅವನು ಸುಮ್ಮನಾದ. ದೊಡ್ಡಪ್ಪ ಜೋರಾಗಿ ನಕ್ಕು, ಕೈಯಲ್ಲಿದ್ದ ಬಲೆಗೆ ಬೆರಳು ತೂರಿಸಿ ತೋರಿಸಿದರು. ಕಿರುಬೆರಳೂ ಪೂರ್ತಿ ಹೋಗಲಿಲ್ಲ. ಒಬ್ಬಿಬ್ಬರೇ ಹೋಗಿ ಕಂತಬಲೆ ಬಿಡುವವರಿಗೆ ಈ ಮಾಟುಬಲೆಯವರೇ ದೊಡ್ಡವರಂತೆ. ದೊಡ್ಡ ಎಂಜಿನ್ ಕಟ್ಟಿದವರ ಮೇಲೆ ಸಣ್ಣ ಎಂಜಿನ್ನಿನವರಿಗೆ ಸಿಟ್ಟು. ಸಣ್ಣವರು ಅನ್ನುವ ಒಂದೇ ಗುಂಪು ಇದೆ ಅಂತ ನಾನು ಮೇಲಿನಿಂದ ಹೊತ್ತು ತಂದ ನಂಬಿಕೆ ಆ ಬಲೆಯ ಕಣ್ಣಿನಲ್ಲೇ ಸಿಕ್ಕಿಕೊಂಡಿತು.

ಇಷ್ಟು ಸಣ್ಣ ಕಣ್ಣಿನ ಬಲೆಗೆ ಬೀಳುವ ಮರಿಮೀನನ್ನು ಯಾರು ಕೊಳ್ಳುತ್ತಾರೆ ಅಂದರೆ ಮೂವರೂ ಒಂದೇ ಉತ್ತರ ಕೊಟ್ಟರು. ಫಿಶ್ ಮೀಲ್. ತಿನ್ನಲು ಬಾರದ ಗಾತ್ರದ ಮೀನನ್ನು ಒಣಗಿಸಿ ಪುಡಿ ಮಾಡಿ, ಎಣ್ಣೆ ತೆಗೆದು ಕಳಿಸುವ ಕಾರ್ಖಾನೆಗಳು ಕರಾವಳಿಯಲ್ಲಿ ಇವೆ. ಅಲ್ಲಿಗೆ ಮರಿಮೀನೂ ಆಗುತ್ತದೆ. ಕಡಲಲ್ಲಿ ಗೆರೆ ಎಳೆಯುವವರು ಈ ಕಾರ್ಖಾನೆಯ ಗೇಟಿನ ಹತ್ತಿರ ಯಾಕೆ ನಿಲ್ಲುವುದಿಲ್ಲ ಅನ್ನುವುದು ನನ್ನ ಪ್ರಶ್ನೆ. ತೂಕದ ಯಂತ್ರ ಅಲ್ಲಿದೆ, ಹಗಲು ಹೊತ್ತು, ಅಲೆಯೂ ಇಲ್ಲ.

ಆಮೇಲೆ ನಾನು ಸ್ವಲ್ಪ ಪಾಂಡಿತ್ಯ ತೋರಿಸಿದೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಹೇಳುತ್ತಿದ್ದ ಒಂದು ಊರಿನ ಕಥೆ. ಟರ್ಕಿಯ ಅಲಾನ್ಯಾ. ಅಲ್ಲೂ ಒಳ್ಳೆಯ ಜಾಗಕ್ಕಾಗಿ ಮೀನುಗಾರರು ಹೊಡೆದಾಡುತ್ತಿದ್ದರು. ಕೊನೆಗೆ ತಾವೇ ಕೂತು ಬಲೆ ಹಾಕುವ ಜಾಗಗಳ ಪಟ್ಟಿ ಮಾಡಿದರು. ಪ್ರತಿ ಸೆಪ್ಟೆಂಬರಿನಲ್ಲಿ ಚೀಟಿ ಎತ್ತುವುದು. ಅಂದಿನಿಂದ ದಿನಕ್ಕೊಂದು ಜಾಗ ಪೂರ್ವಕ್ಕೆ ಸರಿಯುವುದು, ಜನವರಿಯಿಂದ ಪಶ್ಚಿಮಕ್ಕೆ. ಎಲ್ಲರಿಗೂ ಒಳ್ಳೆಯ ಜಾಗ ಒಂದು ದಿನ ಸಿಗುತ್ತದೆ. ನಿಮ್ಮ ಜಾಗದಲ್ಲಿ ಇನ್ನೊಬ್ಬ ನಿಂತರೆ ನೋಡಿ ಜಗಳ ಆಡುವವರು ನೀವೇ. ಪೊಲೀಸು ಬೇಡ.

ದೊಡ್ಡಪ್ಪ ಸೂಜಿ ನಿಲ್ಲಿಸಿ ಪೂರ್ತಿ ಕೇಳಿದರು. ‘ಚಂದ ಉಂಟು’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಜಾಗಕ್ಕೆ ಚೀಟಿ ಎತ್ತಬಹುದು. ಬಂಗುಡೆ ಆ ಜಾಗದಗೆ ಕೂತ್ಕಂಡಿರತ್ತಾ? ಇವತ್ತು ಗಂಗೊಳ್ಳಿ, ನಾಳೆ ಭಟ್ಕಳ. ಅದಕ್ಕೂ ಒಂದು ಚೀಟಿ ಕೊಡುಕ್ಕ್!’

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ರಂಪಣಿಯ ಕಾಲದಲ್ಲಿ ಯಾರ ದಡದಲ್ಲಿ ಯಾರು ಎಳೆಯಬೇಕು ಅಂತ ಊರೇ ತೀರ್ಮಾನ ಮಾಡುತ್ತಿತ್ತಂತೆ. ಆಗ ಮೀನು ದಡಕ್ಕೆ ಬರುತ್ತಿತ್ತು, ನಿಯಮವೂ ದಡದಲ್ಲೇ ಇತ್ತು. ಈಗ ಬೋಟು ಮೀನಿನ ಹಿಂದೆ ಹೋಗುತ್ತದೆ. ಊರಿನವರ ಕಣ್ಣು ಅಷ್ಟು ದೂರ ಹೋಗುವುದಿಲ್ಲ.

ಇಷ್ಟು ಹೊತ್ತೂ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ದೊಡ್ಡಮ್ಮ ಚಹಾದ ಲೋಟ ತೆಗೆದುಕೊಂಡು ಹೋಗಲು ಬಂದು ಒಂದು ಮಾತು ಹೇಳಿದರು. ಅವರು ವರ್ಷಗಟ್ಟಲೆ ತಲೆಮೇಲೆ ಬುಟ್ಟಿ ಹೊತ್ತು ಮೀನು ಮಾರಿದವರು. ‘ಇವರ ಮೀಟಿಂಗಿಗೆ ನಮ್ಮನ್ನ ಯಾರೂ ಕರೆಯೋದಿಲ್ಲ. ಯಾವ ದಡದಲ್ಲಿ ಏಲಂ ಆಗ್ಬೇಕು ಅಂತ ಇವರೇ ಮಾತಾಡ್ಕೊಳ್ತಾರೆ. ಬೋಟಿನ ಮೀನು ಲಾರಿಗೆ ಹೋಗ್ತದೆ. ದೋಣಿ ಮೀನು ಬಂದ್ರೆ ಬುಟ್ಟಿಗೆ ಸಿಗ್ತದೆ. ನಂಗೆ ಅಷ್ಟೇ ಲೆಕ್ಕ.’ ಗಂಡಸರು ಯಾರೂ ಮಾತಾಡಲಿಲ್ಲ. ಆ ದಿನ ಕೇಳಿದ್ದರಲ್ಲಿ ಅತಿ ಸ್ಪಷ್ಟವಾದ ಮಾತು ಅದೇ ಅನ್ನುವುದು ನನ್ನ ಅಭಿಪ್ರಾಯ.

ಮಧ್ಯಾಹ್ನ ಚಟ್ಲಿ ಸುಕ್ಕ ಬಡಿಸಿದರು. ಹೆದ್ದಾರಿಯ ಹೋಟೆಲಿನಲ್ಲಿ ಮಸಾಲೆ ಸುರಿದು ಕೊಡುವ ಸೀಫುಡ್ ತಿಂದವರಿಗೆ ಇದರ ರುಚಿ ಹೇಳಿ ಪ್ರಯೋಜನವಿಲ್ಲ. ಸಣ್ಣವನು ತಂದ ಚಟ್ಲಿ, ಅಣ್ಣನ ದೋಣಿಯದು.

ಉಳಿದ ದಿನಗಳಲ್ಲಿ ಕೊಲ್ಲೂರು, ಮುರ್ಡೇಶ್ವರ ಅಂತ ಓಡಾಡಿದೆ. ಎಲ್ಲ ಕಡೆ ಮಳೆ, ಎಲ್ಲ ಕಡೆ ಕ್ಯೂ.

ವಾಪಸ್ ಬರುವಾಗ ಸಣ್ಣವನು ಉಡುಪಿಯವರೆಗೆ ನನ್ನ ಜೊತೆಗೇ ಬಸ್ಸಿನಲ್ಲಿದ್ದ. ತಿಂಗಳು ಮುಗಿಯುತ್ತಾ ಬಂದಿತ್ತು, ಬೋಟಿಗೆ ಬಲೆ ಏರಿಸುವ ಕೆಲಸ ಇತ್ತು. ಈ ವರ್ಷವೂ ಲೈಟ್ ಹಾಕುತ್ತೀರಾ ಅಂತ ಕೇಳಿದೆ.

‘ಓನರ್ ಇಲ್ಲ ಅಂದಿದ್ದಾರೆ ಸರ್. ಯೂನಿಯನ್ನಿನಲ್ಲಿ ಬರೆದು ಕೊಟ್ಟಿದ್ದಾರೆ.’

‘ಒಳ್ಳೆಯದಾಯಿತಲ್ಲ?’

‘ಹೌದು’ ಅಂದ. ‘ಉಡುಪಿಯಲ್ಲಿ ಇಳಿದು ಜನರೇಟರ್ ತಗೊಂಡು ಹೋಗ್ಬೇಕು. ಸರ್ವೀಸಿಗೆ ಕೊಟ್ಟದ್ದು ರೆಡಿಯಾಗಿದೆ ಅಂತ ಬೆಳಿಗ್ಗೆ ಫೋನ್ ಬಂದಿತ್ತು.’